ನಜರೇತಿನ ಬಡಗಿಯ ನೆನಪು

ಕಾರ್ಮಿಕರಾದ ಸಂತ ಜೋಸೆಫರ ಹಬ್ಬ – ಮೇ 1
ಶುಭಸಂದೇಶ: ಮತ್ತಾಯ 13:54-58



ನಮ್ಮ ರಾಯಚೂರು ಕಡೆ ಒಬ್ಬರ ಗುರುತು ಹೇಳುವಾಗ ಮೊದಲು ಬಾಯಿಗೆ ಬರುವುದು ಮನೆತನದ ಕಸುಬು. ಬಡಿಗೇರರ ಹುಡುಗ, ಕಂಬಾರರ ಮಗಳು ಎನ್ನುತ್ತೇವೆ. ನಜರೇತಿನವರೂ ಯೇಸುಸ್ವಾಮಿಯನ್ನು ಹಾಗೆಯೇ ಗುರುತಿಸಿದರೆಂದು ಇಂದಿನ ಶುಭಸಂದೇಶದಲ್ಲಿ ಕೇಳಿದೆವು. ನಮ್ಮೂರ ಬಡಗಿಯ ಮಗನಿಗೆ ಇಷ್ಟೊಂದು ಜ್ಞಾನ ಎಲ್ಲಿಂದ ಬಂತು ಎಂದು ಅವರು ಮೂಗು ಮುರಿದರು. ಅದು ಹೀಯಾಳಿಕೆಯ ಮಾತು. ಆದರೂ ಸಂತ ಜೋಸೆಫರ ಬಾಳಿಗೆ ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಯೇಸುಸ್ವಾಮಿಯ ಬಹಿರಂಗ ಸೇವೆಯ ಕಾಲದಲ್ಲಿ ಜೋಸೆಫರು ಎಲ್ಲಿಯೂ ಕಾಣಿಸುವುದಿಲ್ಲ. ಅಷ್ಟರಲ್ಲಿ ತೀರಿಕೊಂಡಿದ್ದರೆಂದು ಧರ್ಮಸಭೆಯ ಪರಂಪರೆ ಹೇಳುತ್ತದೆ. ಅವರಿಲ್ಲವಾದ ಮೇಲೂ ಊರು ಅವರ ದುಡಿಮೆಯನ್ನು ಮರೆತಿರಲಿಲ್ಲ. ಮಾರ್ಕನ ಶುಭಸಂದೇಶದಲ್ಲಿ (6:3) ಯೇಸುವನ್ನೇ ಬಡಗಿ ಎಂದಿದೆ. ತಂದೆಯ ಉಳಿ, ಕೊಡತಿ ಮಗನ ಕೈಗೆ ಬಂದಿದ್ದವು.

ಬಡಗಿ ಎಂದು ನಾವು ಓದುವಲ್ಲಿ ಗ್ರೀಕ್ ಮೂಲದಲ್ಲಿರುವುದು 'ತೆಕ್ತೋನ್' ಎಂಬ ಪದ. ಮರಗೆಲಸದವನಿಗೂ ಮನೆ ಕಟ್ಟುವವನಿಗೂ ಅದು ಸಲ್ಲುತ್ತದೆ. ಹಾಗಾಗಿ ದೇವದುರ್ಗ, ಮಾನ್ವಿಯ ನಮ್ಮ ಗೌಂಡಿಗಳಿಗೆ ಜೋಸೆಫರು ದೂರದವರಲ್ಲ.

ಅವರು ಆಡಿದ ಒಂದು ಮಾತೂ ಶುಭಸಂದೇಶಗಳಲ್ಲಿ ದಾಖಲಾಗಿಲ್ಲ. ಇದರಿಂದ ಅವರನ್ನು ಯಾರೊಡನೆಯೂ ಬೆರೆಯದ ಮೌನಿಯೆಂದು ನಾವು ಚಿತ್ರಿಸಿಕೊಂಡುಬಿಟ್ಟಿದ್ದೇವೆ. (ನಮ್ಮ ದೇವಾಲಯಗಳ ಸ್ವರೂಪಗಳೂ ಇದಕ್ಕೆ ಕೊಂಚ ಕಾರಣವೆನ್ನಿ. ಲಿಲ್ಲಿ ಹೂ ಹಿಡಿದ ಆ ನುಣುಪಾದ ಕೈ ಉಳಿ ಹಿಡಿದ ಕೈಯಂತೆ ಕಾಣುವುದಿಲ್ಲ.) ಸಂತ ಲೂಕನು ಕೊಡುವ ಚಿತ್ರವೇ ಬೇರೆ. ಪ್ರತಿವರ್ಷ ಪಾಸ್ಕ ಹಬ್ಬಕ್ಕೆ ಜೋಸೆಫರ ಕುಟುಂಬ ಜೆರುಸಲೇಮಿಗೆ ಹೋಗುತ್ತಿತ್ತು. ಬಾಲಯೇಸುವಿಗೆ ಹನ್ನೆರಡು ವರ್ಷವಾದಾಗ, ಹಿಂತಿರುಗುವ ದಾರಿಯಲ್ಲಿ ಇಡೀ ಒಂದು ದಿನ ಮಗ ಕಣ್ಣಿಗೆ ಬೀಳದಿದ್ದರೂ ತಂದೆತಾಯಿ ಗಾಬರಿಗೊಳ್ಳಲಿಲ್ಲ. ಯಾತ್ರಿಕರ ಗುಂಪಿನಲ್ಲಿ ಎಲ್ಲಾದರೂ ಇದ್ದಾನೆಂದು ನಡೆದೇ ನಡೆದರು. ಬಳಿಕ ಹುಡುಕಿದ್ದೂ ಬಂಧುಬಳಗದವರ, ಪರಿಚಯದವರ ನಡುವೆ. ಯಾರ ಬುತ್ತಿಯಲ್ಲಾದರೂ ನಮ್ಮ ಮಗನಿಗೆ ಪಾಲುಂಟು ಎಂಬ ನಂಬಿಕೆ ಸುಮ್ಮನೆ ಬರುವುದಿಲ್ಲ. ಹತ್ತಾರು ಮನೆಯವರ ಕಷ್ಟಸುಖಕ್ಕೆ ಆದವನಿಗೆ ಅದು ಬರುತ್ತದೆ. ನಮ್ಮ ಓಣಿಗಳಲ್ಲಿಯೂ ಊಟದ ಹೊತ್ತಿಗೆ ಮಗು ಬಾರದಿದ್ದರೆ, ಬಾಜು ಮನೆಯಲ್ಲಿ ರೊಟ್ಟಿ ತಿಂದಿರಬೇಕೆಂದು ಸುಮ್ಮನಿರುತ್ತೇವಲ್ಲವೇ?

ಗುಂಪಿನಲ್ಲಿ ಮಗ ಸಿಗದಾಗ ಮಾತ್ರ ಅವರ ಎದೆ ಒಡೆಯಿತು. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಮೂರನೆಯ ದಿನ ಮಹಾದೇವಾಲಯದಲ್ಲಿ ಅವನನ್ನು ಕಂಡರು.

ನಮ್ಮ ಎಷ್ಟೋ ತಂದೆಯರು ಮಕ್ಕಳ ಮುಖ ನೋಡದೆ ಮೂರು ತಿಂಗಳು ಕಳೆಯುತ್ತಾರೆ. ಮಳೆ ಕೈಕೊಟ್ಟರೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆಯ ಭಾಗದ ಹೊಲಗಳಿಗೆ ತಲುಪದಿದ್ದರೆ, ಬೆಂಗಳೂರು, ಹೈದರಾಬಾದ್, ಪುಣೆಗೆ ಗುಳೆ ಹೋಗದೆ ಅವರಿಗೆ ಬೇರೆ ದಾರಿಯಿಲ್ಲ. ಕೆಲವರು ಮಕ್ಕಳನ್ನು ಶಾಲೆ ಬಿಡಿಸಿ ಜೊತೆಗೆ ಕರೆದೊಯ್ಯುತ್ತಾರೆ, ಕೆಲವರು ಅಜ್ಜಿಯ ಬಳಿ ಬಿಡುತ್ತಾರೆ. ಮಕ್ಕಳ ಮೇಲೆ ಕರುಳಿಲ್ಲದವರೆಂದು ಇವರನ್ನು ಆಡಿಕೊಳ್ಳುವವರಿದ್ದಾರೆ. ನಾವು ಇದನ್ನು ಒಪ್ಪುವುದಿಲ್ಲ. ರಾತ್ರಿ ಬಸ್ಸು ಹತ್ತುವ ತಂದೆ ಮಗುವನ್ನು ಅಜ್ಜಿಯೊಬ್ಬಳಿಗೇ ಒಪ್ಪಿಸಿ ಹೋಗುವುದಿಲ್ಲ. ನೆರೆಹೊರೆಗೆ, ಈ ಧರ್ಮಕೇಂದ್ರಕ್ಕೆ, ನಮಗೆ ಒಪ್ಪಿಸಿ ಹೋಗುತ್ತಾನೆ. ಅವನ ಪಾಲಿನ ಯಾತ್ರಿಕರ ಗುಂಪು ನಾವೇ. ಆ ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು? ಜೂನ್‌ನಲ್ಲಿ ಶಾಲೆ ತೆರೆದಾಗ ಕೈಹಿಡಿದು ಬಿಟ್ಟು ಬರುವವರು ಯಾರು?

ಪೋಪ್ ಹನ್ನೆರಡನೆಯ ಪಿಯುಸ್‌ರವರು ಈ ಹಬ್ಬವನ್ನು ಸ್ಥಾಪಿಸಿದ್ದು 1955ರಲ್ಲಿ, ಕಾರ್ಮಿಕರ ದಿನದಂದೇ. 2013ರ ಮೇ 1ರ ಆಜ್ಞೆಯಿಂದ, ಬಲಿಪೂಜೆಯ ಇನ್ನೂ ಮೂರು ಬಲಿಪ್ರಾರ್ಥನೆಗಳಲ್ಲಿ ಮಾತೆ ಮರಿಯಮ್ಮನವರ ಹೆಸರಿನ ಬಳಿಕ ಜೋಸೆಫರ ಹೆಸರೂ ಸೇರಿತು. ಇಂದು ಆ ಹೆಸರು ಬಂದಾಗ ಗಮನವಿಟ್ಟು ಕೇಳೋಣ.

ಅದಕ್ಕೂ ಮುಂಚೆ, ಈಗ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ, ದುಡಿಯಲು ಪರಊರಿಗೆ ಹೋಗಿರುವವರ ಹೆಸರನ್ನೂ ಅವರಿರುವ ಊರನ್ನೂ ಪ್ರತಿ ಕುಟುಂಬದವರು ಗಟ್ಟಿಯಾಗಿ ಹೇಳಲಿ. ಹೋದಲ್ಲೇ ಕೊನೆಯುಸಿರೆಳೆದವರ ಹೆಸರೂ ಸೇರಲಿ. ಮಕ್ಕಳೇ ಎದ್ದು ನಿಂತು ಹೇಳಿದರೆ ಇನ್ನೂ ಒಳ್ಳೆಯದು.