ಬೆಂಗಳೂರಿನ ಬಾಡಿಗೆ ಮನೆ: ಅಡ್ವಾನ್ಸ್ ಕೊಡುವ ಮೊದಲು

(ಸಿರುಗುಪ್ಪದಲ್ಲಿ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತು)



ಹೋದ ಸಭೆಯಲ್ಲಿ ಒಬ್ಬ ಅಕ್ಕ ಸಾಲದ ಅರ್ಜಿ ಕೊಟ್ಟರು. ಕಾರಣ ಎಮ್ಮೆಯಲ್ಲ, ಹೊಲಿಗೆ ಯಂತ್ರವಲ್ಲ. “ಮಗ ಸೊಸೆ ಬೆಂಗಳೂರಿಗೆ ಹೊಂಟಾರ ಸಿಸ್ಟರ್, ಮನಿ ಅಡ್ವಾನ್ಸ್ ಕಟ್ಟಬೇಕು” ಅಂದರು. ಕಾಲುವೆಗೆ ಎರಡನೇ ಬೆಳೆಯ ನೀರು ಬಾರದ ವರ್ಷ ಸಿರುಗುಪ್ಪ, ಕುರುಗೋಡು ಕಡೆಯಿಂದ ಇಂಥ ಅರ್ಜಿ ಬರುವುದು ಹೊಸದಲ್ಲ. ಕಾನ್ವೆಂಟಿನಲ್ಲಿರುವ ಇವರಿಗೆ ಬಾಡಿಗೆಯ ಕಷ್ಟ ಏನು ಗೊತ್ತು ಅಂತ ನೀವು ನಗಬಹುದು. ಬಾಡಿಗೆ ಕಟ್ಟಿಲ್ಲ, ನಿಜ. ಆದರೆ ಕಟ್ಟಿ ಸೋತವರ ಜೊತೆ ಕುಳಿತು ಲೆಕ್ಕ ಹಾಕಿದ್ದೇನೆ.

ಮೊದಲು ಆ ಲೆಕ್ಕವನ್ನೇ ನೋಡೋಣ. ಒಂದು ಬೆಡ್‌ರೂಮಿನ ಮನೆಗೆ ಬಾಡಿಗೆ 8,000 ಅಂತ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ಹಳೆಯ ರೂಢಿ. ಅಂದರೆ 80,000. ಅದನ್ನು ಸಂಘದಿಂದ ನೂರಕ್ಕೆ ಒಂದು ರೂಪಾಯಿ ಬಡ್ಡಿಗೆ ತಂದರೆ ಶುರುವಿನಲ್ಲಿ ತಿಂಗಳಿಗೆ ಬಡ್ಡಿಯೇ 800. ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ಹನ್ನೊಂದು ತಿಂಗಳಿಗೇ ಬಿಟ್ಟರೆ ಅದು ತಿಂಗಳಿಗೆ ಏಳುನೂರರ ಮೇಲೆ ಬಿತ್ತು. ಎಂಟು ಸಾವಿರದ ಮನೆ ಈಗ ಹತ್ತಿರ ಒಂಬತ್ತೂವರೆ ಸಾವಿರದ ಮನೆ ಆಯಿತಲ್ಲ? ಅಸಲಿನ ಕಂತು ಬೇರೆ, ಬ್ರೋಕರ್ ಇದ್ದರೆ ಅವನ ಕಮಿಷನ್ ಬೇರೆ. ಆದ್ದರಿಂದ ಬಾಡಿಗೆಯಲ್ಲಿ ಇನ್ನೂರು ಇಳಿಸಲು ಗುದ್ದಾಡುವ ಬದಲು ಅಡ್ವಾನ್ಸನ್ನು ಐದಾರು ತಿಂಗಳಿಗೆ ಇಳಿಸಿ ಅಂತ ಕೇಳಿ. ಈಗ ಒಪ್ಪುವ ಮಾಲೀಕರಿದ್ದಾರೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಬೇಡ ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ತನ್ನದೇ ಕಾಯ್ದೆ ಮಾಡಿದರಷ್ಟೇ ಜಾರಿ. ಅದನ್ನು ಹೇಳಿ ಮಾಲೀಕನ ಜೊತೆ ಜಗಳಕ್ಕೆ ನಿಲ್ಲಬೇಡಿ.

ಇನ್ನು ಭೋಗ್ಯ. ಇದನ್ನು ಸ್ವಲ್ಪ ನಿಧಾನವಾಗಿ ಕೇಳಿ. ಎರಡು ಮೂರು ಲಕ್ಷ ಒಂದೇ ಸಲ ಕೊಡಿ, ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಪೂರ್ತಿ ವಾಪಸ್ಸು ಎನ್ನುತ್ತಾರೆ. ಕೇಳಲು ಹಾಲು ಸಕ್ಕರೆ. ಕುರುಗೋಡಿನ ಹತ್ತಿರದ ಊರಿನ ಒಬ್ಬ ತಾಯಿ (ಹೆಸರು ಬೇಡ) ಬಂಗಾರ ಅಡವಿಟ್ಟು, ಸಂಘದ ಸಾಲವನ್ನೂ ಸೇರಿಸಿ ಮಗನಿಗೆ ಹೀಗೆ ಕೊಟ್ಟರು. ಎಂಟನೇ ತಿಂಗಳಿಗೆ ಗೇಟಿನ ಮೇಲೆ ಬ್ಯಾಂಕಿನ ನೋಟಿಸು. ಮಾಲೀಕ ಆ ಮನೆಯ ಮೇಲೆ ಮೊದಲೇ ಸಾಲ ಎತ್ತಿದ್ದ. ಸಾಲ ಕಟ್ಟದಿದ್ದರೆ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಂತೆ ಮನೆ ವಶಕ್ಕೆ ತೆಗೆದುಕೊಳ್ಳಬಹುದು. ಮಾಲೀಕನ ಫೋನ್ ಸ್ವಿಚ್ ಆಫ್. ಆ ತಾಯಿ ಭತ್ತದ ನಾಟಿ ಕೂಲಿಯಲ್ಲಿ ಇವತ್ತಿಗೂ ಕಂತು ಕಟ್ಟುತ್ತಿದ್ದಾರೆ. ಮೊದಲೇ ನನ್ನನ್ನು ಕೇಳಿದ್ದರು. “ವಿಚಾರಿಸಿ ನೋಡಿ” ಅಂದೆನೇ ಹೊರತು ಏನು ವಿಚಾರಿಸಬೇಕು ಅಂತ ಹೇಳಲಿಲ್ಲ. ಆ ತಪ್ಪು ನನ್ನದು.

ಈಗ ಹೇಳುತ್ತೇನೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾಗಲಿ, ಕಾವೇರಿ ಆನ್‌ಲೈನಿನಲ್ಲಾಗಲಿ ಆ ಮನೆಯ ಇ.ಸಿ. ತೆಗೆಸಿ. ಕೆಲವು ಸಾಲ ಇ.ಸಿ.ಯಲ್ಲಿ ಕಾಣದೆಯೂ ಇರಬಹುದು. ಅದಕ್ಕೇ ಜೆರಾಕ್ಸ್ ಸಾಲದು, ಮೂಲ ಪತ್ರ ತೋರಿಸಿ ಅಂತ ಕೇಳಿ. ಮೂಲ ಪತ್ರ ಬ್ಯಾಂಕಿನಲ್ಲಿದೆ ಅಂದರೆ ಅರ್ಥ ಆಯಿತಲ್ಲ? ಒಂದು ವರ್ಷಕ್ಕಿಂತ ಹೆಚ್ಚಿನ ಭೋಗ್ಯದ ಕರಾರು ನೋಂದಣಿ ಆಗಲೇಬೇಕು, ಬರೀ ಸ್ಟಾಂಪ್ ಪೇಪರಿನ ಮೇಲಿನ ಸಹಿಗೆ ಬಲವಿಲ್ಲ. ನನ್ನನ್ನು ಕೇಳಿದರೆ, ಸಂಘದ ದುಡ್ಡು ಭೋಗ್ಯಕ್ಕೆ ಬೇಡವೇ ಬೇಡ.

ಸಾಮಾನ್ಯ ಬಾಡಿಗೆಗೆ ಹನ್ನೊಂದು ತಿಂಗಳ ಕರಾರು ಮಾಡುತ್ತಾರೆ. ಅದರಲ್ಲಿ ಅಡ್ವಾನ್ಸ್ ಎಷ್ಟು, ಬಿಡುವಾಗ ಏನೇನು ಹಿಡಿಯುತ್ತಾರೆ, ಎಷ್ಟು ದಿನದಲ್ಲಿ ವಾಪಸ್ಸು ಎಂಬುದು ಅಕ್ಷರದಲ್ಲಿರಲಿ. ಹಣ ಬ್ಯಾಂಕ್ ಖಾತೆಯಿಂದಲೇ ಹೋಗಲಿ. ಕೈಯಲ್ಲಿ ಕೊಟ್ಟ ಹಣಕ್ಕೆ ಸಾಕ್ಷಿ ಯಾರು?

ಮನೆ ನೋಡಲು ಹೋದಾಗ ಸೊಸೆಯೂ ಜೊತೆಗಿರಲಿ, ನೀರು ಹಿಡಿಯುವವಳು ಅವಳೇ ತಾನೆ. ಕಾವೇರಿ ನೀರೋ, ಬೋರ್ ನೀರೋ, ಟ್ಯಾಂಕರೋ ಅಂತ ಅಕ್ಕಪಕ್ಕದ ಹೆಂಗಸರನ್ನು ಕೇಳಿ. 2024ರ ಬೇಸಿಗೆಯಲ್ಲಿ ಬೋರ್ ಬತ್ತಿ ಟ್ಯಾಂಕರಿಗೆ ಬಾಯಿ ಬಿಟ್ಟ ಬಡಾವಣೆಗಳು ಬಹಳ. ವಠಾರವಾದರೆ ಕರೆಂಟ್ ಮೀಟರ್ ಬೇರೆ ಇದೆಯೇ ನೋಡಿ. ಬಾಡಿಗೆದಾರರಿಗೂ ಗೃಹಜ್ಯೋತಿ ಸಿಗುತ್ತದೆ, ಆದರೆ ನಾಲ್ಕು ಮನೆಗೆ ಒಂದೇ ಮೀಟರ್ ಇದ್ದರೆ ಲೆಕ್ಕ ಕೆಡುತ್ತದೆ. ಸೊಸೆ ಗಾರ್ಮೆಂಟ್ಸಿಗೆ ಹೋಗುವವಳಾದರೆ ಪೀಣ್ಯ, ಬೊಮ್ಮನಹಳ್ಳಿಯ ಒಳಗೇ ಮನೆ ಬೇಕೆಂಬ ಹಟ ಬೇಡ. ಶಕ್ತಿ ಯೋಜನೆಯಲ್ಲಿ ಅವಳಿಗೆ ಸಾಮಾನ್ಯ ಸಿಟಿ ಬಸ್ಸು ಉಚಿತ, ಸ್ವಲ್ಪ ಹೊರಗೆ ಬಾಡಿಗೆ ಇಳಿಯುತ್ತದೆ. ಮಗನಿಗೆ ಟಿಕೆಟ್ ಇದೆ, ಅದನ್ನೂ ಕೂಡಿಸಿ.

“ಯಾವ ಜನ, ಏನು ತಿಂತೀರಿ” ಅಂತಲೂ ಕೇಳುತ್ತಾರೆ. ಕೇಳುವುದು ತಪ್ಪು. ಆದರೂ ಸುಳ್ಳು ಹೇಳಿ ಮನೆ ಹಿಡಿಯಬೇಡಿ ಅಂತಲೇ ನನ್ನ ಮಾತು. ಒಲೆ ಹಚ್ಚುವಾಗಲೆಲ್ಲ ಕಿಟಕಿ ಮುಚ್ಚಿಕೊಂಡು ಎಷ್ಟು ದಿನ ಬದುಕುವುದು?

ಅರ್ಜಿ ಕೊಟ್ಟ ಅಕ್ಕ ಇಲ್ಲೇ ಕುಳಿತಿದ್ದಾರೆ. ಮಗ ನೋಡಿದ ಮನೆಯ ಕರಾರಿನ ಕರಡನ್ನು ಮುಂದಿನ ಸಭೆಗೆ ತರುತ್ತೇನೆ ಅಂದಿದ್ದಾರೆ. ಎಲ್ಲರೂ ಓದಿ ನೋಡಿದ ಮೇಲೆಯೇ ನಡಾವಳಿ ಪುಸ್ತಕದಲ್ಲಿ ಠರಾವು ಬರೆಯೋಣ.