ವದಂತಿಯಿಂದ ನಗರವನ್ನು ಅಳೆಯದಿರೋಣ
(ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮಾಡಿದ ಭಾಷಣ)



ಮಕ್ಕಳು ಓದು, ಉದ್ಯೋಗಕ್ಕಾಗಿ ಬೆಂಗಳೂರಿಗೆ ಹೊರಟಾಗ ಹೆತ್ತವರು ಆತಂಕಪಡುವುದು ಸಹಜ. ಆದರೆ ನಗರದ ಸುರಕ್ಷತೆಯನ್ನು ವದಂತಿಯಿಂದ ಅಳೆಯಲಾಗದು. 2012ರ ಆಗಸ್ಟ್‌ನಲ್ಲಿ ಮುಸ್ಲಿಮರು ದಾಳಿ ಮಾಡಲಿದ್ದಾರೆಂಬ ಸುಳ್ಳು ಸಂದೇಶಗಳಿಗೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರು ತೊರೆದರು. ಅನ್ಯಾಯವಾದದ್ದು ಅವರಿಗೂ, ನಮಗೂ. 2023ರ ಅಕ್ಟೋಬರ್‌ನ ರಾಗಿಗುಡ್ಡದ ಕಲ್ಲುತೂರಾಟದಿಂದಷ್ಟೇ ಯಾರಾದರೂ ನಮ್ಮ ಶಿವಮೊಗ್ಗವನ್ನು ಅಳೆದರೆ ನಾವು ಒಪ್ಪುವೆವೇ?

ಸುದ್ದಿಯನ್ನು ಪರಿಶೀಲಿಸಿಯೇ ನಂಬಬೇಕೆಂಬುದು ಕುರ್‌ಆನಿನ ಬೋಧನೆ. ಆದ್ದರಿಂದ ಅಪರಾಧಗಳ ಒಟ್ಟು ಸಂಖ್ಯೆಯನ್ನಲ್ಲ, ಲಕ್ಷ ಜನರಿಗೆ ಎಷ್ಟೆಂಬುದನ್ನು ನೋಡೋಣ. ಬಾಡಿಗೆಮನೆಯ ಬೀದಿಯನ್ನು ರಾತ್ರಿಯೂ ನಡೆದು ನೋಡೋಣ. ಎಲ್ಲ ಧರ್ಮಗಳ ನೆರೆಹೊರೆಯವರನ್ನೂ ವಿಚಾರಿಸೋಣ. ಎಚ್ಚರಿಕೆ ನಮ್ಮ ಹೊಣೆ. ಆದರೆ ಭಯದ ಹೆಸರಿನಲ್ಲಿ ಹೆಣ್ಣುಮಕ್ಕಳ ಓದನ್ನು ನಿಲ್ಲಿಸುವುದು ಎಚ್ಚರಿಕೆಯಲ್ಲ, ಅನ್ಯಾಯ.