ದೂರದ ಓಟ ಮತ್ತು ನೆರೆಹೊರೆಯ ಋಣ

(ಧರ್ಮಕೇಂದ್ರದ ಶತಮಾನೋತ್ಸವದ ಕ್ರೀಡಾಕೂಟದ ಸಮಾರೋಪದಂದು ಮಾಡಿದ ಭಾಷಣ)



ಇಂತಹ ಸಂದರ್ಭದಲ್ಲಿ ಗೆದ್ದವರನ್ನು ಹೊಗಳುವುದೂ ಸೋತವರನ್ನು ಸಂತೈಸುವುದೂ ವಾಡಿಕೆ. ಆ ಕಾರ್ಯವನ್ನು ಬಹುಮಾನ ನೀಡುವವರಿಗೆ ಬಿಟ್ಟು, ನಮ್ಮ ಮನೆಗಳಲ್ಲಿ ಆಗಾಗ ಏಳುವ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳಲು ನಾವು ಬಯಸುತ್ತೇವೆ. ಮಗನೋ ಮಗಳೋ ಮುಂಜಾನೆ ಐದಕ್ಕೆದ್ದು ಓಡಲು ಹೊರಟರೆ, “ಇದರಿಂದ ಮನೆಗೇನು ಬಂತು? ಊರಿಗೇನು ಬಂತು?” ಎಂದು ಹಿರಿಯರು ಕೇಳುವುದುಂಟು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ತನ್ನ ದೇಹವನ್ನು ಪಳಗಿಸಲು ಒಬ್ಬನು ವ್ಯಯಿಸುವ ಗಂಟೆಗಳು ನೆರೆಹೊರೆಯವರಿಂದ ಕದ್ದ ಗಂಟೆಗಳೇ ಎಂಬುದನ್ನು ಪ್ರಾಮಾಣಿಕವಾಗಿ ವಿಚಾರಿಸಬೇಕಾಗಿದೆ.

ಇದೇ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡು, ಓಟವನ್ನೇ ಕೆಲವು ವರ್ಷ ದೂರವಿರಿಸಿ, ಬಳಿಕ ಉತ್ತರ ಕಂಡುಕೊಂಡು ಹಿಂದಿರುಗಿದ ಒಬ್ಬ ಮುದ್ರಣಾಲಯದ ಕೆಲಸಗಾರನ ಚರಿತ್ರೆಯನ್ನು ತಮ್ಮ ಮುಂದಿಡುತ್ತೇವೆ. ಅವರೇ ಅಮೆರಿಕದ ಕ್ಲಾರೆನ್ಸ್ ಡಿಮಾರ್. ಅವರು ನಮ್ಮ ಸಭೆಗೆ ಸೇರಿದವರಲ್ಲ, ಬ್ಯಾಪ್ಟಿಸ್ಟ್ ಪಂಥದವರು. ಆದರೆ ಸಜ್ಜನರ ಬಾಳಿನಿಂದ ಕಲಿಯುವುದಕ್ಕೆ ಪಂಥದ ಗೋಡೆ ಅಡ್ಡಬರಬೇಕಾಗಿಲ್ಲ.

ಡಿಮಾರ್ ಅವರು 1888ರಲ್ಲಿ ಓಹಾಯೋ ಪ್ರಾಂತ್ಯದಲ್ಲಿ ಹುಟ್ಟಿದರು. ಎಳೆಯ ವಯಸ್ಸಿನಲ್ಲಿಯೇ ತಂದೆ ತೀರಿಕೊಂಡರು. ಮಕ್ಕಳೊಡನೆ ಮಸಾಚುಸೆಟ್ಸ್‌ಗೆ ಬಂದ ತಾಯಿಗೆ ಸಂಸಾರ ಸಾಗಿಸುವುದು ಕಷ್ಟವಾಗಿ, ಬಾಲಕನನ್ನು ಬಾಸ್ಟನ್ ಬಂದರಿನ ದ್ವೀಪವೊಂದರಲ್ಲಿದ್ದ ಕೃಷಿ ಮತ್ತು ಕಸುಬಿನ ವಸತಿಶಾಲೆಗೆ ಸೇರಿಸಬೇಕಾಯಿತು. ಮುಂದೆ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಲೇ ಓದುತ್ತಿದ್ದಾಗ ದೂರದ ಓಟದ ರುಚಿ ಹತ್ತಿತು. ಆದರೆ ಮನೆಯ ಹೊರೆ ಕರೆಯಿತು. ಓದನ್ನು ನಡುವೆಯೇ ಬಿಟ್ಟು, ತಾಯಿಗೆ ಆಸರೆಯಾಗಲು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ ಹಿಡಿದರು.

ಯುವಮಿತ್ರರು ಇಲ್ಲಿ ಗಮನವಿಡಬೇಕು. ದಿನವಿಡೀ ನಿಂತು ದುಡಿಯುವವನಿಗೆ ಅಭ್ಯಾಸಕ್ಕೆ ಸಮಯವೆಲ್ಲಿಂದ ಬರಬೇಕು? ಡಿಮಾರ್ ಅವರು ಹೊಸ ಸಮಯವನ್ನು ಹುಡುಕಲಿಲ್ಲ. ಇದ್ದ ದಾರಿಯನ್ನೇ ಬಳಸಿಕೊಂಡರು. ಮನೆಯಿಂದ ಕೆಲಸಕ್ಕೆ ಓಡುತ್ತ ಹೋಗುವುದು, ಕೆಲಸದಿಂದ ಮನೆಗೆ ಓಡುತ್ತ ಬರುವುದು; ಬೆವರಿದ ಮೈಗೆ ಬದಲಿಸಿಕೊಳ್ಳಲು ಒಂದು ಒಣ ಅಂಗಿಯನ್ನು ಜೊತೆಗೊಯ್ಯುವುದು. ಇದೇ ಅವರ ತರಬೇತಿ ಶಿಬಿರ. ಕಠಿಣ ಅಭ್ಯಾಸದ ದಿನಗಳಲ್ಲಿ ವಾರಕ್ಕೆ ನೂರು ಮೈಲಿ, ಎಂದರೆ ಸುಮಾರು 160 ಕಿಲೋಮೀಟರ್‌ವರೆಗೆ ಓಡುತ್ತಿದ್ದರು.

1897ರಲ್ಲಿ ಆರಂಭವಾದ ಬಾಸ್ಟನ್ ಮ್ಯಾರಥಾನ್ ಓಟದಲ್ಲಿ 1910ರಲ್ಲಿ ಅವರು ಎರಡನೆಯವರಾಗಿ ಬಂದರು. ಮರುವರ್ಷದ ಓಟಕ್ಕೆ ಮುನ್ನ ಪರೀಕ್ಷಿಸಿದ ವೈದ್ಯರು, ಹೃದಯದಲ್ಲಿ ಅಪಸ್ವರ ಕೇಳಿಸುತ್ತದೆ, ಇನ್ನು ಮುಂದೆ ಓಡದಿರುವುದು ಲೇಸು ಎಂದು ಎಚ್ಚರಿಸಿದರು. ಆ ಕಾಲದಲ್ಲಿ ಕ್ರೀಡಾಪಟುವಿನ ಹಿಗ್ಗಿದ ಹೃದಯವನ್ನು ರೋಗವೆಂದೇ ಅನೇಕ ವೈದ್ಯರು ಎಣಿಸುತ್ತಿದ್ದರು. ಡಿಮಾರ್ ಓಡಿದರು, 1911ರ ಆ ಓಟವನ್ನು ಗೆದ್ದರು. 1912ರಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ಗೂ ಹೋಗಿಬಂದರು.

ಅನಂತರ ನಡೆದುದು ವಿಚಿತ್ರ. ಕೀರ್ತಿ ಕೈಗೆಟುಕಿದ ಹೊತ್ತಿನಲ್ಲಿಯೇ ಅವರು ಮ್ಯಾರಥಾನ್‌ನಿಂದ ಹಿಂದೆ ಸರಿದರು. ವೈದ್ಯರ ಮಾತು ಮನಸ್ಸಿನಲ್ಲಿತ್ತು. ಓದಿನ ಆಸೆಯೂ ಇತ್ತು. ಇವುಗಳ ಜೊತೆಗೆ ಧಾರ್ಮಿಕ ಸಂಶಯವೊಂದು ಅವರನ್ನು ಕಾಡಿತು. ಇತರರನ್ನು ಹಿಂದಿಕ್ಕಿ ತಾನೇ ಮೊದಲಿಗನಾಗಬೇಕೆಂಬ ಹಂಬಲ ಸ್ವಾರ್ಥವಲ್ಲವೇ? ಅಹಂಕಾರವಲ್ಲವೇ? ಹೀಗೆ ಆತ್ಮಪರೀಕ್ಷೆ ಮಾಡಿಕೊಳ್ಳುವ ಕ್ರೀಡಾಪಟುಗಳು ವಿರಳ. ಆ ವರ್ಷಗಳಲ್ಲಿ ಅವರು ಸುಮ್ಮನೆ ಕೂರಲಿಲ್ಲ. ಹಾರ್ವರ್ಡ್‌ನ ವಿಸ್ತರಣಾ ತರಗತಿಗಳಲ್ಲಿ ಓದಿ 1915ರಲ್ಲಿ ಸಹಪದವಿ ಪಡೆದರು. ಮೆಲ್ರೋಸ್ ಎಂಬ ತಮ್ಮ ಊರಿನಲ್ಲಿ ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೆ ಪಾಠ ಹೇಳಿದರು. ಬಾಲಚಮೂ ದಳದ ಮುಂದಾಳಾಗಿ ಹುಡುಗರನ್ನು ತಿದ್ದಿದರು.

1917ರಲ್ಲಿ ಮತ್ತೆ ಬಾಸ್ಟನ್‌ನಲ್ಲಿ ಓಡಿ ಮೂರನೆಯವರಾದರು. ಅನಂತರ 1922, 1923 ಮತ್ತು 1924ರಲ್ಲಿ ಸತತ ಮೂರು ಬಾರಿ ಗೆದ್ದರು. ಆ ವರ್ಷವೇ ಪ್ಯಾರಿಸ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಕಂಚಿನ ಪದಕ ಪಡೆದರು. 1927, 1928 ಮತ್ತು 1930ರಲ್ಲಿ ಮತ್ತೆ ವಿಜಯ. ಒಟ್ಟು ಏಳು ಬಾರಿ! ಬಾಸ್ಟನ್‌ನಲ್ಲಿ ಓಡಿ ಗೆದ್ದವರ ಪೈಕಿ ಈ ಸಂಖ್ಯೆಯನ್ನು ಇಂದಿನವರೆಗೆ ಮತ್ತಾರೂ ಮುಟ್ಟಿಲ್ಲ. ಕೊನೆಯ ವಿಜಯದ ಹೊತ್ತಿಗೆ ಅವರಿಗೆ ನಲವತ್ತೊಂದು ವರ್ಷ. ಆ ಓಟದಲ್ಲಿ ಹಣದ ಬಹುಮಾನ ಆರಂಭವಾದುದು 1986ರಲ್ಲಿ. ಆದುದರಿಂದ ಏಳು ವಿಜಯಗಳ ನಂತರವೂ ಅವರು ಮುದ್ರಣಾಲಯದ ಮೊಳೆಗಳಿಂದಲೇ ಅನ್ನ ಸಂಪಾದಿಸಬೇಕಾಗಿತ್ತು. ಹವ್ಯಾಸಿ ಎಂಬ ಪದದ ನಿಜವಾದ ಅರ್ಥ ಇದೇ.

ಅವರನ್ನು ದೋಷರಹಿತರೆಂದು ಚಿತ್ರಿಸುವುದು ನಮ್ಮ ಉದ್ದೇಶವಲ್ಲ. ಅವರದು ಮಿತಭಾಷೆ, ಮುಂಗೋಪ. ಓಟದ ನಡುವೆ ಅಡ್ಡಬಂದ ಪ್ರೇಕ್ಷಕರ ಮೇಲೆ ಕೈಮಾಡಿದ್ದೂ ಉಂಟು. ಒರಟು ಸ್ವಭಾವದವನೂ ಊರಿನ ಮಕ್ಕಳಿಗೆ ವಾರ ವಾರವೂ ತಪ್ಪದೆ ಒದಗಬಲ್ಲನು ಎಂಬುದೇ ನಮಗೆ ಧೈರ್ಯ ಕೊಡುವ ಸಂಗತಿ. ಸೇವೆ ಮಾಡಲು ಸಿಹಿಮಾತೇ ಬೇಕೆಂದಿಲ್ಲ; ಹೇಳಿದ ಹೊತ್ತಿಗೆ ಬಂದು ನಿಲ್ಲುವ ನಿಷ್ಠೆ ಬೇಕು.

ಮುಂದೆ ಅವರು ನ್ಯೂ ಹ್ಯಾಂಪ್‌ಶೈರ್ ಪ್ರಾಂತ್ಯದ ಕೀನ್ ಎಂಬ ಊರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ಮುದ್ರಣಕಲೆ ಕಲಿಸಿದರು. 1937ರಲ್ಲಿ ತಮ್ಮ ಓಟದ ಅನುಭವಗಳನ್ನು ಪುಸ್ತಕವಾಗಿ ಬರೆದರು. 1954ರಲ್ಲಿ, ಅರವತ್ತೈದನೆಯ ವಯಸ್ಸಿನಲ್ಲಿ, ಕೊನೆಯ ಬಾರಿಗೆ ಬಾಸ್ಟನ್ ಮ್ಯಾರಥಾನ್ ಓಡಿದರು. 1958ರಲ್ಲಿ ಹೊಟ್ಟೆಯ ಕ್ಯಾನ್ಸರ್ ಅವರನ್ನು ಬಲಿ ತೆಗೆದುಕೊಂಡಿತು. ವೈದ್ಯರು ಎಂದೋ ಶಂಕಿಸಿದ ಹೃದಯವು ಕೊನೆಯವರೆಗೆ ಕೈಕೊಡಲಿಲ್ಲ.

ಮರಣದ ನಂತರ ಅವರ ಹೃದಯವನ್ನು ಪರೀಕ್ಷಿಸಲಾಯಿತು. ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಚಿಕಿತ್ಸೆ ನೀಡಿದ್ದ ಪ್ರಸಿದ್ಧ ಹೃದಯತಜ್ಞ ಪಾಲ್ ಡಡ್ಲಿ ವೈಟ್ ಅವರೂ ಸಹೋದ್ಯೋಗಿ ಕರೆನ್ಸ್ ಅವರೂ 1961ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಹೃದಯಕ್ಕೆ ರಕ್ತವೊದಗಿಸುವ ನಾಳಗಳು ಸಾಮಾನ್ಯಕ್ಕಿಂತ ಎರಡು ಮೂರು ಪಟ್ಟು ಅಗಲವಾಗಿದ್ದುವು. ಒಬ್ಬನ ಹೃದಯದಿಂದ ಎಲ್ಲರಿಗೂ ನಿಯಮ ಕಟ್ಟಲಾಗದು. ಆ ಅಗಲ ಹುಟ್ಟಿನಿಂದ ಬಂದುದೂ ಆಗಿರಬಹುದು. ಆದರೆ ದೂರದ ಓಟವು ಹೃದಯವನ್ನು ಸವೆಸಿಬಿಡುತ್ತದೆ ಎಂಬ ಹಳೆಯ ಭಯವನ್ನು ಈ ವರದಿ ಬಹುಮಟ್ಟಿಗೆ ಅಲುಗಿಸಿತು. ಕ್ರಮಬದ್ಧ ಅಭ್ಯಾಸದಿಂದ ಹೃದಯ ಬಲಿತು ಒಂದೊಂದು ಮಿಡಿತಕ್ಕೂ ಹೆಚ್ಚು ರಕ್ತ ನೂಕುತ್ತದೆ. ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ ಎಂಬುದು ಇಂದು ಸರ್ವವಿದಿತ. ಹಾಗೆಂದು ಎದೆನೋವು, ತಲೆಸುತ್ತು ಕಾಣಿಸಿಕೊಂಡವರು ವೈದ್ಯರ ಮಾತನ್ನು ಕಡೆಗಣಿಸಬಾರದು.

ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದು ಮೂರು. ಮೊದಲನೆಯದು, ಅಭ್ಯಾಸವು ನಿತ್ಯದ ಬದುಕಿನೊಳಗೇ ಸೇರಿಕೊಳ್ಳಬೇಕು. ಶಾಲೆಯ ದಾರಿ, ಗದ್ದೆಯ ದಾರಿ, ಪೇಟೆಯ ದಾರಿ ಎಲ್ಲವೂ ಓಟದ ದಾರಿಯೇ. ಎರಡನೆಯದು, ಸಹನೆ. ಇಂದು ಎರಡು ಕಿಲೋಮೀಟರ್ ಓಡಿದವನು ನಾಳೆಯೇ ಹತ್ತು ಓಡಲು ಹೊರಟರೆ ಮೊಣಕಾಲು ಮುರಿದುಕೊಂಡಾನು. ದೂರವನ್ನು ವಾರದಿಂದ ವಾರಕ್ಕೆ ಅಲ್ಪಸ್ವಲ್ಪವಾಗಿ ಏರಿಸಬೇಕು. ಮಾತನಾಡುತ್ತ ಓಡಬಲ್ಲಷ್ಟು ನಿಧಾನವಾಗಿ ಬಹುಪಾಲು ಓಡಬೇಕು. ವಿಶ್ರಾಂತಿಯೂ ಅಭ್ಯಾಸದ ಭಾಗವೆಂದು ತಿಳಿಯಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಓಟದಿಂದ ಗಳಿಸಿದ ಗುಣಗಳು ಓಟದಲ್ಲಿಯೇ ಮುಗಿದುಹೋಗಬಾರದು. ಹೊತ್ತಿಗೆ ಸರಿಯಾಗಿ ಏಳುವ, ಮಳೆಯಾದರೂ ಹೊರಡುವ, ದಣಿದರೂ ಮುಂದಿನ ಹೆಜ್ಜೆಯಿಡುವ ಅಭ್ಯಾಸವುಳ್ಳವನು ಮಕ್ಕಳಿಗೆ ಪಾಠ ಹೇಳಲು, ರೋಗಿಯ ಮನೆಗೆ ಔಷಧಿ ತಲುಪಿಸಲು, ಮಣ್ಣು ಕೊಡುವ ಮನೆಯಲ್ಲಿ ಹೆಗಲು ಕೊಡಲು ಮೊದಲಿಗನಾಗಿ ಬರಬೇಕು. ಅಲ್ಲಿ ಮೊದಲಿಗನಾಗುವ ಹಂಬಲದಲ್ಲಿ ಅಹಂಕಾರದ ಶಂಕೆಯಿಲ್ಲ.

ಹೆಣ್ಣುಮಕ್ಕಳ ತಾಯ್ತಂದೆಯರಲ್ಲಿಯೂ ಒಂದು ವಿನಂತಿ. ಬಾಸ್ಟನ್ ಮ್ಯಾರಥಾನ್‌ನಲ್ಲಿ ಸ್ತ್ರೀಯರಿಗೆ ಅಧಿಕೃತ ಪ್ರವೇಶ ದೊರೆತುದು 1972ರಲ್ಲಿ ಮಾತ್ರ. ಅಷ್ಟು ಕಾಲ ಮುಚ್ಚಿದ್ದ ಬಾಗಿಲನ್ನು ನಮ್ಮ ಮನೆಗಳಲ್ಲಿ ಮತ್ತೆ ಮುಚ್ಚುವುದು ಬೇಡ.

ಡಿಮಾರ್ ಅವರು ಕಲಿಸಿದ ಕೀನ್ ಊರಿನಲ್ಲಿ 1978ರಿಂದ ಅವರ ಹೆಸರಿನ ಮ್ಯಾರಥಾನ್ ನಡೆದುಬಂದಿದೆ. ಅಲ್ಲಿ ಶಾಲಾಮಕ್ಕಳು ಮ್ಯಾರಥಾನ್‌ನ ದೂರವನ್ನು ಹಲವು ವಾರಗಳಲ್ಲಿ ತುಂಡುತುಂಡಾಗಿ ಓಡಿ, ಕೊನೆಯ ತುಂಡನ್ನು ಓಟದ ದಿನ ಊರವರ ಮುಂದೆ ಪೂರೈಸುತ್ತಾರೆ. ಮಕ್ಕಳಿಗೆ ಪಾಠ ಹೇಳಿದವನಿಗೆ ಇದಕ್ಕಿಂತ ತಕ್ಕ ಸ್ಮಾರಕವಿರಲಾರದು. ಮನೆಗೇನು ಬಂತು, ಊರಿಗೇನು ಬಂತು ಎಂಬ ಪ್ರಶ್ನೆಗೆ ಅದೂ ಒಂದು ಉತ್ತರ.

ನೂರು ವರ್ಷಗಳ ಹಿಂದೆ ಈ ದೇವಾಲಯಕ್ಕೆ ಕಲ್ಲು ಹೊತ್ತ ನಮ್ಮ ಹಿರಿಯರು ಅದರ ಶತಮಾನೋತ್ಸವವನ್ನು ಕಾಣಲಿಲ್ಲ. ತಮ್ಮ ಪಾಲಿನ ದೂರವನ್ನು ಸಾಗಿ ಮುಂದಿನವರಿಗೆ ದಾರಿ ಬಿಟ್ಟುಕೊಟ್ಟರು. ಇಂದು ಬಹುಮಾನ ಪಡೆಯುವ ಯುವಕ ಯುವತಿಯರು, ಪಡೆಯದೆ ಹೋದವರೂ ಕೂಡ, ನಾಳೆ ಬೆಳಗ್ಗೆ ಮತ್ತೆ ಓಡಲಿ. ಓಡಿ ಬಂದ ಮೇಲೆ ನೆರೆಮನೆಯ ಬಾಗಿಲನ್ನೂ ಒಮ್ಮೆ ತಟ್ಟಲಿ ಎಂದು ಹಾರೈಸುತ್ತೇವೆ.